ಹೊತ್ತು ಇಳಿಯಲಿ ಎಂದವರು

ಆ ಭಾನುವಾರದ ಸಂಜೆ ಮರವಂತೆಯ ಜನ, ನನ್ನ ಗಂಡ ಆಕಾಶದ ಸೂರ್ಯನನ್ನೇ ಫೀಲ್ಡಿಂಗಿಗೆ ಹಾಕಿದ್ದಾರೆ ಎಂದು ಕೂಗಿ ಕೂಗಿ ನಗುತ್ತಿದ್ದರು. ಕಡಲ ಕೊರೆತ ತಡೆಯಲು ಹಾಕಿದ ದೊಡ್ಡ ಕಲ್ಲುಗಳ ಮೇಲೆ ಕೂತು ನಾನೂ ನೋಡುತ್ತಿದ್ದೆ.

ನಮ್ಮ ರಾಣೆಬೆನ್ನೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಬೆಳೆ ತೆಗೆದ ಹೊಲದಲ್ಲಿ ಕ್ರಿಕೆಟ್ ಆಡುತ್ತಾರೆ. ಎಷ್ಟು ಜೋರಾಗಿ ಹೊಡೆದರೂ ಚೆಂಡು ಮಣ್ಣಿನ ಮೇಲೇ ಎಲ್ಲೋ ಬಿದ್ದಿರುತ್ತದೆ. ಇಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಹೆದ್ದಾರಿ. ಕಡಲ ಪಕ್ಕದಲ್ಲಿ ಉಳಿದಿರುವ ಒಂದು ತುಂಡು ಗಟ್ಟಿ ಮರಳೇ ಮೈದಾನ. ಜಾಗ ಸಾಲದ್ದರಿಂದ ಬೌಲಿಂಗೆಲ್ಲ ಕಡಲಿನ ಕಡೆಯಿಂದಲೇ. ಬ್ಯಾಟು ಹಿಡಿದವನು ಪಡುವಣಕ್ಕೆ ಮುಖ ಮಾಡಿ ನಿಲ್ಲಬೇಕು. ಚೆಂಡು ನೀರಿಗೆ ಬಿದ್ದರೆ ಔಟು, ಹೊಡೆದವನೇ ಇಳಿದು ತರಬೇಕು. ಎರಡನೆಯ ಸರದಿಯಲ್ಲಿ ಬ್ಯಾಟ್ ಮಾಡುವವರಿಗೆ ಸಂಜೆಯ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ. ಅದಕ್ಕೇ ಫೀಲ್ಡಿಂಗ್ ಕ್ಯಾಪ್ಟನ್ ಬೇಕೆಂದೇ ತಡ ಮಾಡುತ್ತಾನೆ. ಸೂರ್ಯ ಬ್ಯಾಟ್ಸ್‌ಮನ್ನಿನ ಕಣ್ಣಿನ ಮಟ್ಟಕ್ಕೆ ಇಳಿಯುವವರೆಗೆ ಒಬ್ಬೊಬ್ಬರನ್ನೂ ಕರೆದು ಮಾತಾಡಿಸಿ, ಅಲ್ಲಿಂದ ಇಲ್ಲಿಗೆ ನಿಲ್ಲಿಸಿ ಹೊತ್ತು ಕಳೆಯುತ್ತಾನೆ. ಈ ವಿದ್ಯೆಯಲ್ಲಿ ನಮ್ಮ ಮನೆಯವರನ್ನು ಮೀರಿಸುವವರು ಇರಲಿಲ್ಲ.

ಅವರು ಲೈನ್‌ಮ್ಯಾನ್. ಕರಾವಳಿಯ ಕಂಬಗಳನ್ನು ಹತ್ತುವವರಲ್ಲಿ ನಮ್ಮ ಕಡೆಯವರು ಬಹಳ. ಮದುವೆಯಾದ ಮೇಲೆ ನಾನೂ ಇಲ್ಲಿಗೆ ಬಂದೆ. ಬಸವರಾಜ ಎಂಬ ಹೆಸರನ್ನು ಊರವರು ಬಸಣ್ಣ ಮಾಡಿಕೊಂಡಿದ್ದರು.

ಆ ಸಂಜೆ ಅವರು ಎಂದಿಗಿಂತಲೂ ನಿಧಾನವಾಗಿದ್ದರು. ದೂರದ ಫೀಲ್ಡರನ್ನು ಕೂಗಿ ಕರೆಯದೆ ತಾವೇ ನಡೆದು ಹೋದರು, ನಡೆದೇ ಬಂದರು. ಬೂಟಿನ ಲೇಸು ಕಟ್ಟಲು ಕೂತರು. ಇನ್ನೊಂದು ಓವರಿಗೆ ಮತ್ತೆ ಕೂತರು.

"ಹ್ವಾಯ್ ಬಸಣ್ಣ, ಲೇಸ್ ಕಟ್ತ್ರ್ಯಾ, ಬಲೆ ನೇಯ್ತ್ರ್ಯಾ?" ಎಂದು ಯಾರೋ ಕೂಗಿದರು. ಕಲ್ಲುಗಳ ಮೇಲಿದ್ದವರೆಲ್ಲ ನಕ್ಕರು.

ಆಟ ಗೆದ್ದರು. ಮನೆಗೆ ಬಂದು ಅರ್ಧ ಲೋಟ ಚಹಾ ಕುಡಿದರು. "ಯಾಕೋ ದಣಿವಾಗೇತಿ, ಊಟ ಬ್ಯಾಡ" ಎಂದು ಮಲಗಿದರು. ಬೆಳಿಗ್ಗೆ ನಾನು ಎಬ್ಬಿಸಿದಾಗ ಏಳಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಹೃದಯದ ತೊಂದರೆ ಎಂದರು. "ನಿನ್ನೆ ಎದೆ ಹಿಡ್ಕೊಂಡು ಕೂತಿದ್ರಾ? ನಡೀಲಿಕ್ಕೆ ಕಷ್ಟಪಡ್ತಿದ್ರಾ?" ಎಂದು ಕೇಳಿದರು. ಇಲ್ಲ ಎಂದೆ. ಹೇಳಿ ಹೊರಗೆ ಬಂದ ಮೇಲೆ ಲೇಸು ನೆನಪಾಯಿತು.

ಮಣ್ಣು ಮಾಡಿದ್ದು ನಮ್ಮೂರಿನಲ್ಲಿ. ದಿನಗಳು ಮುಗಿದ ಮೇಲೆ ಅಣ್ಣ, "ಇಲ್ಲೇ ಇರು, ಆ ಉಪ್ಪುನೀರಿನ ಊರಾಗ ನಿನಗ ಯಾರದಾರ?" ಎಂದ. ಅವನು ಹೇಳಿದ್ದು ನಿಜ. ಆದರೆ ಗಂಡ ಹೋದದ್ದಕ್ಕೆ ಹೆಂಡತಿಗೆ ಕೊಡುವ ಅನುಕಂಪದ ನೌಕರಿ ಕುಂದಾಪುರದ ಕಚೇರಿಯಲ್ಲಿ ಬಂತು. ನಮ್ಮ ಜಿಲ್ಲೆಯ ವಿದ್ಯುತ್ತು ಬೇರೆ ಕಂಪನಿಯದು, ಇಲ್ಲಿಯದು ಬೇರೆ. ಈ ಕಂಪನಿಯವರಿಗೆ ಆ ಕಡೆ ವರ್ಗವಾಗುವುದಿಲ್ಲ. ಬ್ರಹ್ಮಾವರಕ್ಕೋ ಬೈಂದೂರಿಗೋ ಕಳಿಸಬಹುದು, ಊರಿಗೆ ಮಾತ್ರ ಇಲ್ಲ. ನೌಕರಿ ಬಿಟ್ಟರೆ ಅಣ್ಣನ ಮನೆಯ ಪಡಸಾಲೆ, ಅತ್ತಿಗೆಯ ಕೈಯ ಊಟ. ಹತ್ತನೇ ಇಯತ್ತೆ ಓದಿದವಳಿಗೆ ಬೇರೆ ದಾರಿ ತೋರಲಿಲ್ಲ. ತಿರುಗಿ ಬಂದೆ.

ಮೊದಲು ಬಂದಾಗ ಇಬ್ಬರಿದ್ದೆವು, ಊರಿನ ವಿಚಿತ್ರಗಳಿಗೆ ಇಬ್ಬರೂ ನಗುತ್ತಿದ್ದೆವು. ಇಲ್ಲಿ 'ಇತ್ತ್' ಎಂದರೆ ಈಗ ಇದೆ ಎಂದು ಅರ್ಥ. ಅಂಗಡಿಯಲ್ಲಿ "ಹಾಲ್ ಇತ್ತ್" ಎಂದರೆ, ಇತ್ತು, ಖಾಲಿಯಾಯಿತು ಎಂದುಕೊಂಡು ನಾನು ಬರಿಗೈಯಲ್ಲಿ ಬಂದಿದ್ದೆ. ಅವರು ಅದನ್ನು ಲೈನಿನವರಿಗೆಲ್ಲ ಹೇಳಿ ನಗಿಸಿದ್ದರು. ಎರಡನೆಯ ಸಲ ಬಂದಾಗ ಎಲ್ಲವನ್ನೂ ಒಬ್ಬಳೇ ಕಲಿಯಬೇಕಾಯಿತು. ನಮ್ಮಲ್ಲಿ ಬಟ್ಟೆ ಒಗೆದು ಹಾಕಿದರೆ ಗಳಿಗೆಯಲ್ಲಿ ಒಣಗುತ್ತದೆ, ಇಲ್ಲಿ ಮಳೆಗಾಲದಲ್ಲಿ ದಿನಗಟ್ಟಲೆ ಹಸಿ. ಕೆಂಪನೆಯ ದಪ್ಪ ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯಲು ವರ್ಷ ಹಿಡಿಯಿತು. ನಮ್ಮೂರಿನಲ್ಲಿ ಬೇಸರವಾದರೆ ಹೊಲದ ದಾರಿ ಹಿಡಿದು ಎಷ್ಟು ದೂರವಾದರೂ ನಡೆಯಬಹುದು. ಇಲ್ಲಿ ಪಡುವಣಕ್ಕೆ ಹೊರಟರೆ ಕಡಲು ತಡೆಯುತ್ತದೆ, ಮೂಡಣಕ್ಕೆ ಹೊರಟರೆ ಹೊಳೆ. ಉಳಿದದ್ದು ಹೆದ್ದಾರಿ. ಅದರ ಮೇಲೆ ದಿನವೂ ಅದೇ ಬಸ್ಸು ನನ್ನನ್ನು ಕಚೇರಿಗೆ ಒಯ್ಯುತ್ತದೆ, ತಂದು ಬಿಡುತ್ತದೆ.

ಸುಖ ಇಲ್ಲವೆಂದಲ್ಲ. ಮನೆಯ ಮಾಲೀಕ ಶೀನಣ್ಣ ನನಗಾಗಿ ತಮ್ಮ ಅಂಗಡಿಗೆ ಜೋಳದ ಹಿಟ್ಟು ತರಿಸುತ್ತಾರೆ. ನಾನು ರೊಟ್ಟಿ ಬಡಿಯುವ ಸದ್ದು ಕೇಳಿ ಅವರ ಹೆಂಡತಿ ತಟ್ಟೆ ಹಿಡಿದು ಬರುತ್ತಾರೆ.

ಆದರೆ ನಾನಿರುವುದು ಆ ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ. ನಡುವೆ ಒಂದೇ ಗೋಡೆ. ಸಂಜೆಯಾದರೆ ಅಂಗಡಿಯ ಬೆಂಚಿನ ಮೇಲೆ ಕ್ರಿಕೆಟ್ಟಿನ ಮಾತು ಶುರು. ಟೀವಿಯ ಆಟ ಮುಗಿದರೆ ಊರಿನ ಆಟ. ಊರಿನ ಆಟ ಎಂದರೆ ಕೊನೆಗೆ ಬರುತ್ತಿದ್ದದ್ದು ಅದೇ ಸಂಜೆ. "ಎರಡ್ ಸಲ ಲೇಸ್! ಎಂತಾ ತಲಿ ಮಾರಾಯ್ರೆ ಅವ್ರದ್ದ್!" ಎಂದು ಹೊಗಳುತ್ತಿದ್ದರು. ಹೊಗಳುವುದು ಪ್ರೀತಿಯಿಂದಲೇ. ಒಲೆಯ ಮುಂದೆ ಕೂತು ನಾನು ಕೇಳಬೇಕಿತ್ತು. ಡಾಕ್ಟರು ಕೇಳಿದ ಪ್ರಶ್ನೆ ಅವರಿಗೆ ಗೊತ್ತಿರಲಿಲ್ಲ. ಆ ಲೇಸು ಕಟ್ಟಿದ್ದು ತಂತ್ರವಾಗಿದ್ದರೆ ನಮ್ಮ ಮನೆಯವರು ಕೊನೆಯ ದಿನ ಸುಖವಾಗಿ ಆಡಿದರು. ನೋವಾಗಿದ್ದರೆ ಇಡೀ ಊರಿನ ಮುಂದೆ, ನನ್ನ ಮುಂದೆಯೂ, ಒಬ್ಬರೇ ಅದನ್ನು ತಡೆದುಕೊಂಡರು. ಇವೆರಡರಲ್ಲಿ ಯಾವುದು ಎಂದು ತಿಳಿಯದೆ ನನಗೆ ಆ ಗೋಡೆ ಬಿಟ್ಟು ಏಳಲು ಆಗುತ್ತಿರಲಿಲ್ಲ.

ಮಳೆ ಮುಗಿದ ಮೇಲೆ ಹುಡುಗರು ಅವರ ಹೆಸರಿನಲ್ಲಿ ಒಂದು ಪಂದ್ಯಾಟ ಇಟ್ಟರು. ನನ್ನ ಒಪ್ಪಿಗೆ ಕೇಳಲು ಟೀಮಿನ ಬೌಲರ್ ರಾಘುವೂ ಯಾವಾಗಲೂ ಅಂಪೈರ್ ಆಗುವ, ಮೀನು ವ್ಯಾಪಾರದ ಮಾಬ್ಲಣ್ಣನೂ ಅಂಗಡಿಗೆ ಬಂದಿದ್ದರು. ನಾನು ಚಹಾ ಮಾಡಿ ತರುವಷ್ಟರಲ್ಲಿ ಜಗಳ ಎದ್ದಿತ್ತು.

"ಈ ಸಲ ತಡ ಮಾಡುಕಾಗ. ಒಂದ್ ಓವರಿಗೆ ಇಂತಿಷ್ಟೇ ಹೊತ್ತ್. ಮೀರ್ರೆ ಹತ್ತ್ ರನ್ ಕಟ್," ಎಂದ ರಾಘು.

"ಹೋಯ್, ಪಕ್ಕದೂರ್ ತ್ರಾಸಿಯಿಂದ ಓಡಿ ಬಂದ್ ಬಾಲ್ ಹಾಕುವವ ನೀನ್. ಮೊದ್ಲ್ ನಿಂಗೇ ಕಟ್," ಎಂದರು ಶೀನಣ್ಣ.

"ಟೀವಿಯಂಗೂ ಇತ್ತಲ್ದಾ ಆ ರೂಲ್? ತಡ ಆರೆ ಸರ್ಕಲ್ ಹೊರ್ಗಿದ್ದ ಒಬ್ಬ ಫೀಲ್ಡರ್ ಒಳ್ಗೆ ಬರ್ಕ್. ಜನ ಎಷ್ಟೊತ್ತ್ ಕಲ್ಲ್ ಮೇಲೆ ಕೂಕಂಬುದ್?" ಎಂದರು ಮಾಬ್ಲಣ್ಣ.

"ಬಸಣ್ಣನ ಹೆಸ್ರಂಗೆ ಮ್ಯಾಚ್, ತಡ ಮಾಡ್ರೆ ದಂಡ! ಅವ್ರ್ ಇದ್ದಿದ್ರೆ ಟಾಸ್ ಹಾಕು ಹೊತ್ತಿಗೇ ಮೈನಸ್ ಆತಿದ್ರ್," ಎಂದು ಶೀನಣ್ಣ ನಕ್ಕರು. ರಾಘುವೂ ನಕ್ಕು, "ಆ ದಿನ ಲೇಸ್ ಕಟ್ಟಿದ್ದ್ ಕಾಣ್ಕಿತ್ತ್..." ಎಂದು ಶುರು ಮಾಡಿದ. ಬಾಗಿಲಲ್ಲಿ ನನ್ನನ್ನು ಕಂಡು ನಿಲ್ಲಿಸಿದ.

ನಾನು ಚಹಾ ಕೆಳಗಿಟ್ಟೆ. "ಮಾಬ್ಲಣ್ಣ, ಆವತ್ತು ಅವರು ಕುಂತಾಗ ಹತ್ರ ಇದ್ದವರು ನೀವೊಬ್ಬರ. ಅವರ ಮುಖ ಹೆಂಗಿತ್ತು?" ಎಂದು ಕೇಳಿದೆ.

"ಮುಖ ಕಾಣ್ಲಿಲ್ಲ ಅಕ್ಕ," ಎಂದರು ಮಾಬ್ಲಣ್ಣ. "ನಾನ್ ಹೊತ್ತ್ ಎಷ್ಟ್ ಇಳೀತ್ ಅಂದ್ ಕಡಲ್ ಬದಿಗೆ ಮುಖ ಮಾಡಿ ಕಾಂತಿದ್ದೆ. ಬೇಗ ಏಳಿ ಬಸಣ್ಣ ಅಂದೆ. 'ತಡೀರಿ, ಹೊತ್ತು ಇಳೀಲಿ' ಅಂದ್ರ್. ನಗಾಡಿದೆ ನಾನ್."

ಆಗ ಡಾಕ್ಟರು ಕೇಳಿದ್ದನ್ನು ಹೇಳಿದೆ. ಯಾರೂ ಚಹಾ ಮುಟ್ಟಲಿಲ್ಲ. ಶೀನಣ್ಣ ಎದ್ದು ಒಳಗೆ ಹೋಗಿ, ಸುಮ್ಮನೆ ಸಾಮಾನು ಸರಿಸತೊಡಗಿದರು. ಮಾಬ್ಲಣ್ಣ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿ, "ಇಷ್ಟ್ ದಿನ ನಾವ್ ಇಲ್ಲಿ ಕೂತ್ ಎಂತೆಲ್ಲ ಮಾತಾಡ್ತಿದ್ದಿತ್ತ್... ನಿಮ್ಗೆ ಕೇಂತಿತ್ತಾ?" ಎಂದರು.

"ಎಲ್ಲಾ ಕೇಳ್ತದ," ಎಂದೆ.

ಪಂದ್ಯಾಟಕ್ಕೆ ದಂಡದ ನಿಯಮ ಇಡಲಿಲ್ಲ. ಯಾರಾದರೂ ಆಟದ ನಡುವೆ ಕೂತರೆ ಅಂಪೈರ್ ಹತ್ತಿರ ಹೋಗಿ, ಮುಖ ನೋಡಿ, ಆರಾಮ ಇದ್ದೀರಾ ಎಂದು ಕೇಳಬೇಕು ಎಂದು ಮಾಡಿದರು. ಆಟ ಇನ್ನಷ್ಟು ನಿಧಾನವಾಯಿತು. ಬ್ರಹ್ಮಾವರದ ಟೀಮಿನ ಕ್ಯಾಪ್ಟನ್ ಅದರ ಲಾಭ ತೆಗೆದುಕೊಂಡು ಮತ್ತೆ ಮತ್ತೆ ಕೂತ. ಮಾಬ್ಲಣ್ಣ ಪ್ರತಿ ಸಲವೂ ಹೋಗಿ ಬಗ್ಗಿ ಕೇಳಿದರು. ಕಲ್ಲುಗಳ ಮೇಲಿನ ಜನ, "ಎಂತಾ ಮಾಬ್ಲಣ್ಣ, ನಾಡಿ ಹಿಡಿತ್ರ್ಯಾ?" ಎಂದು ಕೂಗಿದರೂ ಅವರು ತಿರುಗಿ ನೋಡಲಿಲ್ಲ. ಕೂತಿದ್ದವನೇ ನಾಚಿಕೊಂಡು ಎದ್ದ.

ಗೆದ್ದವರಿಗೆ ಕಪ್ ಕೊಡಲು ನನ್ನನ್ನು ಕರೆದರು, ಕೊಟ್ಟೆ. "ನಮ್ಮೂರ ಅಕ್ಕ" ಎಂದು ಮೈಕಿನಲ್ಲಿ ಹೇಳಿದರು. ಮೊದಲ ಸಲ ಹಾಗೆ ಕರೆಸಿಕೊಂಡದ್ದು ಹಿತವಾಗಿತ್ತು. ಹಿಂದೆಯೇ, ಈಗ ಇಲ್ಲಿಂದ ಹೋಗುವುದು ಇನ್ನೂ ಕಷ್ಟ ಎಂದೂ ಅನಿಸಿತು.

ಬೆಂಚಿನ ಮೇಲೆ ಈಗಲೂ ದಿನವೂ ವಾದ ನಡೆಯುತ್ತದೆ. ಆ ಸಂಜೆಯ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಮೊದಲು ಅದನ್ನು ಕೇಳಲಾರದೆ ಒದ್ದಾಡುತ್ತಿದ್ದೆ. ಈಗ ಗೋಡೆಯಾಚೆ ಅವರ ಹೆಸರು ಕೇಳದಿರುವುದೂ ಸಂಕಟವೇ. ಹಬ್ಬಕ್ಕೆ ಊರಿಗೆ ಹೋದರೆ ಅಣ್ಣನ ಮಕ್ಕಳು, "ಅತ್ತಿ ಕಡಲಿನವರಂಗ ಮಾತಾಡ್ತಾಳ" ಎಂದು ನಗುತ್ತಾರೆ. ಇಲ್ಲಿ ಬಸ್ಸಿನಲ್ಲಿ ಬಾಯಿ ಬಿಟ್ಟರೆ, "ನಿಮ್ದ್ ಘಟ್ಟದ್ ಮೇಲಾ?" ಎಂದು ಕೇಳುತ್ತಾರೆ. ಅಲ್ಲಿ ಅವರ ಸಮಾಧಿ ಇದೆ, ಇಲ್ಲಿ ಅವರನ್ನು ಬಲ್ಲ ಜನ ಇದ್ದಾರೆ. ಆ ಸಂಜೆ ಅವರಿಗೆ ನೋವಾಗುತ್ತಿತ್ತೋ ಇಲ್ಲವೋ ಎಂಬುದನ್ನು ಹೇಳುವವರು ಎರಡೂ ಕಡೆ ಇಲ್ಲ.