ಅಪ್ಪನ ಎದೆನೋವು, ಅಮ್ಮ ಕಂಡುಕೊಂಡ ಕಾರಣ

ಚೊಚ್ಚಲ ಹೆರಿಗೆಗೆಂದು ನಾನು ಶಿವಾರಪಟ್ಟಣದ ತವರಿಗೆ ಬಂದಾಗ ಜರ್ಮನಿಯ ಯುದ್ಧ ನಡೆಯುತ್ತಿತ್ತು, ಸೀಮೆಎಣ್ಣೆಗೂ ಪರದಾಟ. ನಮ್ಮ ಮನೆಯ ಚಿಂತೆ ಬೇರೆ. ಕಲ್ಲಿನಲ್ಲಿ ದೇವರನ್ನು ಕಡೆಯುವ ನಮ್ಮಪ್ಪನಿಗೆ ಎದೆನೋವು ಶುರುವಾಗಿತ್ತು. ಎದೆಯ ಮೇಲೆ ಚಪ್ಪಡಿ ಹೇರಿದ ಹಾಗಾಗಿ, ಎಡಗೈ ಜೋಮು ಹಿಡಿದು, ಹಣೆಯೆಲ್ಲ ಬೆವರುತ್ತಿತ್ತು. ಸ್ವಲ್ಪ ಹೊತ್ತಿಗೆ ಇಳಿಯುತ್ತಿತ್ತು. "ವಾಯು ಕಣಮ್ಮ, ಏನಿಲ್ಲ" ಅನ್ನುತ್ತಿದ್ದರು. ಅಮ್ಮ ಓಮದ ಕಷಾಯ ಕಾಸಿ ಕೊಟ್ಟು, ಸುಮ್ಮನೆ ಅವರನ್ನೇ ನೋಡುತ್ತಿದ್ದಳು.

ಅಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಗೌನಿಪಲ್ಲಿ ಕಡೆಯ ಹೆಣ್ಣು, ಕೋಪ ಬಂದರೆ ತೆಲುಗು. ಆದರೆ ಅವಳಷ್ಟು ನಿಗಾ ಇಟ್ಟು ನೋಡುವವರನ್ನು ನಾನು ಆಮೇಲೂ ಕಂಡಿಲ್ಲ.

ಒಂದು ಸಂಜೆ ನೋವು ಜೋರಾಗಿ ಅಪ್ಪ ಕಂಬಕ್ಕೆ ಒರಗಿ ಕುಸಿದರು. ಮಾರನೆಯ ಬೆಳಿಗ್ಗೆ ಗಾಡಿ ಕಟ್ಟಿಸಿ ಮಾಲೂರಿಗೆ ಹೊರಟೆವು. ಏಳು ತಿಂಗಳ ಬಸುರಿ ನಾನು, ಬೇಡವೆಂದರೂ ಹತ್ತಿ ಕೂತಿದ್ದೆ.

ಅಲ್ಲಿನ ಡಾಕ್ಟರು ವಯಸ್ಸಾದವರು. ಅಪ್ಪನ ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿ, "ಇದು ಹೃದಯದ ಕಾಯಿಲೆ. ಇನ್ನು ಸುತ್ತಿಗೆ ಮುಟ್ಟಬೇಡಿ" ಎಂದರು. ಅಪ್ಪನ ಮುಖ ಬಾಡಿತು.

ಬಾಗಿಲಲ್ಲಿ ನಿಂತಿದ್ದ ಅಮ್ಮ ಮುಂದೆ ಬಂದಳು. "ಸ್ವಾಮಿ, ಒಂದು ಮಾತು. ಬೆಳಗಿಂದ ಸಂಜೆವರೆಗೂ ಕಲ್ಲು ಹೊಡೆದ್ರೂ ಇವರಿಗೆ ನೋವು ಬರಲ್ಲ. ಕೆಲಸ ಬಿಟ್ಟು ಕೂತಾಗ, ಗೋಡೆ ಆಚೆಯಿಂದ ತಮ್ಮನ ದನಿ ಕೇಳಿದಾಗ ಬರುತ್ತೆ. ಒಂದು ತಿಂಗಳಿಂದ ನೋಡ್ತಾ ಇದೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ತಮ್ಮನ ಜೊತೆ ಏನಾಯ್ತು?"

ಅಮ್ಮನೇ ಹೇಳಿದಳು. ಎರಡು ವರ್ಷದ ಹಿಂದೆ, ಅಪ್ಪ ಕಡೆದ ವಿಗ್ರಹವನ್ನು ಒಯ್ಯಲು ಬಂದವರೆದುರು ಚಿಕ್ಕಪ್ಪ, "ಅಣ್ಣನ ಕೈ ಈಗ ನಡುಗುತ್ತೆ, ಬೇಕಾದ್ರೆ ವಿಗ್ರಹದ ಮೂಗು ನೋಡಿ" ಎಂದುಬಿಟ್ಟಿದ್ದ. ಅಪ್ಪ ಅವನೊಂದಿಗೆ ಮಾತು ಬಿಟ್ಟರು. ಬೈಯಲಿಲ್ಲ, ಅಳಲಿಲ್ಲ. ಒಳಗೇ ಇಟ್ಟುಕೊಂಡರು.

"ಇದು ನನಗೆ ಹೊಳೀಲಿಲ್ಲ ನೋಡಿ" ಎಂದರು ಡಾಕ್ಟರು. "ಹೃದಯಕ್ಕೆ ರಕ್ತ ಒಯ್ಯೋ ನಾಳ ಕಿರಿದಾಗಿದೆ. ಮನಸ್ಸು ಒಳಗೊಳಗೇ ಕುದಿದ್ರೆ ಅದು ಇನ್ನೂ ಬಿಗಿಯುತ್ತೆ. ನೋವು ಬಂದಾಗ ಈ ಗುಳಿಗೆ ನಾಲಿಗೆ ಕೆಳಗಿಟ್ಕೊಳ್ಳಿ. ದಪ್ಪ ಕಲ್ಲು ಎತ್ತಬೇಡಿ. ಉಳಿ ಹಿಡೀರಿ, ನಿಧಾನವಾಗಿ. ತಮ್ಮನ ವಿಷಯಕ್ಕೆ ಮಾತ್ರ ನನ್ನ ಹತ್ರ ಔಷಧಿ ಇಲ್ಲ."

ಓದಿಲ್ಲದ ಹೆಂಗಸಿನ ಮಾತಿಗೆ ಕಿವಿಗೊಟ್ಟು ತಮ್ಮ ಮಾತನ್ನೇ ತಿದ್ದಿಕೊಂಡ ಅವರನ್ನು ನೆನೆದರೆ ಈಗಲೂ ಕೈಮುಗಿಯಬೇಕೆನಿಸುತ್ತದೆ.

ಊರಿಗೆ ಬಂದ ಎರಡನೆಯ ದಿನವೇ ಅಮ್ಮ ನನ್ನನ್ನು ಕರೆದುಕೊಂಡು ಪಕ್ಕದ ಚಿಕ್ಕಪ್ಪನ ಮನೆಗೆ ಹೋದಳು.

"ನಾನೇನು ಸುಳ್ಳು ಹೇಳಿದ್ನಾ ಅತ್ತಿಗೆ? ಮೂಗು ಓರೆ ಇತ್ತು" ಎಂದ ಚಿಕ್ಕಪ್ಪ.

"ಇದ್ದಿರಬಹುದಪ್ಪ. ಅದನ್ನ ಅಣ್ಣನಿಗೆ ಹೇಳಬೇಕಿತ್ತು, ಊರಿಗಲ್ಲ. ನಿನಗೆ ಉಳಿ ಹಿಡಿಯೋದು ಕಲಿಸಿದವರು ಅವರು."

ಅವನು ಮತ್ತೇನೋ ಸಮಜಾಯಿಷಿ ತೆಗೆದ. "ಚಾಲು, ಇಂಕ ಚಾಲು!" ಎಂದು ಅಮ್ಮ ಗದರಿದಳು. "ಸಾಕು. ಅವರು ಎದೆ ಹಿಡ್ಕೊಂಡು ಕೂತಿದಾರೆ. ಬಂದು ಎದುರಿಗೆ ನಿಂತ್ಕೊ. ಬೈದ್ರೆ ಬೈಸ್ಕೊ."

ಅಂದು ಸಂಜೆಯೇ ಚಿಕ್ಕಪ್ಪ ಬಂದ. ಅಪ್ಪ ಎರಡು ವರ್ಷದ ಬೈಗುಳವನ್ನು ಒಂದೇ ಸಲಕ್ಕೆ ಬೈದರು. ನಾನು ಅಪ್ಪನ ದನಿ ಅಷ್ಟು ಏರಿದ್ದನ್ನು ಕೇಳಿಯೇ ಇರಲಿಲ್ಲ. ಚಿಕ್ಕಪ್ಪ ತಲೆಯೆತ್ತಲಿಲ್ಲ. ಬೈಯುತ್ತ ಬೈಯುತ್ತ ಅಪ್ಪ ಅತ್ತುಬಿಟ್ಟರು. ಅಮ್ಮ ಗುಳಿಗೆಯ ಸೀಸೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಹೆದರಿದಂತೆ ನೋವು ಬಂದೇ ಬಂತು. ಗುಳಿಗೆ ಬಾಯಿಗಿಟ್ಟಳು. ಚಿಕ್ಕಪ್ಪ ಅಣ್ಣನನ್ನು ತನ್ನ ಎದೆಗೆ ಒರಗಿಸಿಕೊಂಡು, "ತಪ್ಪಾಯ್ತು ಅಣ್ಣಾ, ಮಾತಾಡಬೇಡ ಈಗ" ಎಂದು ಬೆನ್ನು ಸವರುತ್ತ ಕೂತ.

ಕಾಯಿಲೆ ಪೂರ್ತಿ ಹೋಗಲಿಲ್ಲ. ಏರು ಹತ್ತಿದರೆ ಅಪ್ಪ ನಿಲ್ಲಬೇಕಾಗುತ್ತಿತ್ತು. ಆದರೆ ಕೂತಲ್ಲಿ ಬರುವ ನೋವು ಅಪರೂಪವಾಯಿತು. ದಪ್ಪ ಕಲ್ಲುಗಳನ್ನು ಚಿಕ್ಕಪ್ಪ ಉರುಳಿಸಿ ಕೊಟ್ಟ, ಅಪ್ಪ ಕಡೆದರು. ಹಾಗೇ ಒಂಬತ್ತು ವರ್ಷ ಬದುಕಿದರು.

ಹೇಗೆ ತಿಳಿಯಿತಮ್ಮ ನಿನಗೆ ಎಂದು ಬಾಣಂತನದಲ್ಲಿ ಒಮ್ಮೆ ಕೇಳಿದ್ದೆ. ಅವಳು ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಳು. "ಅವರು ಬಾಯಿ ಬಿಡೋರಲ್ಲ ಕಣೇ. ನೋಡದೆ ಇನ್ನೇನು ಮಾಡ್ಲಿ?" ಎಂದು ಮಗುವನ್ನು ಬೋರಲು ಮಲಗಿಸಿದಳು.