ಬಿರಾದಾರ ಮೇಡಂ ಮತ್ತು ಮೈಸೂರು ಡಾಕ್ಟರು

ಬಿರಾದಾರ ಮೇಡಂ ಯಾವ ಕೋಣೆಗೆ ಕಾಲಿಟ್ಟರೂ ಮೊದಲು ದೀಪ ಆರಿಸುತ್ತಿದ್ದರು. ಎಕ್ಸ್‌ರೇ ನೋಡುವವರಿಗೆ ಕತ್ತಲೆ ಬೇಕು. ಮೂವತ್ತು ವರ್ಷ ಅದರಲ್ಲೇ ಕೂತು ಕೈಗೆ ಅಂಟಿದ್ದ ಅಭ್ಯಾಸ. ಒಮ್ಮೆ ನೆಲಮಾಳಿಗೆಯ ಕ್ಯಾಂಟೀನಿನಲ್ಲೂ ಹಾಗೇ ಸ್ವಿಚ್ಚು ಒತ್ತಿ, ಇಡ್ಲಿ ತಿನ್ನುತ್ತಿದ್ದವರನ್ನೆಲ್ಲ ಕತ್ತಲಲ್ಲಿ ಕೂರಿಸಿ, ತಾವು ಏನೂ ಆಗದವರಂತೆ ಚಹಾದ ಸಾಲಿನಲ್ಲಿ ಹೋಗಿ ನಿಂತಿದ್ದರು. ಗಿಡ್ಡ ಆಳು. ಎಸಿ ತಣ್ಣಗಿರುತ್ತದೆಂದು ಬಿಳಿ ಕೋಟಿನ ಮೇಲೆ ಸದಾ ಒಂದು ಕಂದು ಶಾಲು. ಊರು ಬೀದರ್ ಕಡೆ. ಹೈದರಾಬಾದಿನಲ್ಲಿ ನಾನು ಓದಿದ ವೈದ್ಯಕೀಯ ಕಾಲೇಜಿನ ರೇಡಿಯಾಲಜಿ ವಿಭಾಗಕ್ಕೆ ಅವರೇ ಮುಖ್ಯಸ್ಥೆ.

ನಾನಾಗ ಇಂಟರ್ನಿ. ದೊಡ್ಡ ಸರ್ಜನ್ ಆಗುವುದು ಖಾತ್ರಿಯಾಗಿತ್ತು, ನನ್ನೊಬ್ಬನಿಗೆ. ಹಾಸ್ಟೆಲಿನ ಪರದೆಯ ದಾರಗಳಿಗೆಲ್ಲ ಶಸ್ತ್ರಚಿಕಿತ್ಸೆಯ ಗಂಟು ಹಾಕಿ ಕಲಿತಿದ್ದೆ. ಬಿಚ್ಚುವುದನ್ನು ಕಲಿಯದಿದ್ದರಿಂದ ನಮ್ಮ ಪರದೆ ಆ ವರ್ಷವಿಡೀ ತೆರೆಯಲಿಲ್ಲ.

ಒಂದು ದಿನ ಕಾಲೇಜಿನವರು, ಮುಂದೆ ಯಾವ ವಿಭಾಗ ಆರಿಸಿಕೊಳ್ಳಬೇಕೆಂದು ತಿಳಿಸಲು ಒಬ್ಬೊಬ್ಬ ಮುಖ್ಯಸ್ಥರಿಂದ ಭಾಷಣ ಏರ್ಪಡಿಸಿದರು. ಬೆಳಿಗ್ಗೆ ಸರ್ಜರಿಯವರು ಮಾತಾಡುವಾಗ ಮೆಟ್ಟಿಲ ಮೇಲೂ ಜಾಗವಿರಲಿಲ್ಲ. ರೇಡಿಯಾಲಜಿಯ ಸರದಿ ಬಂದದ್ದು ಊಟವಾದ ಮೇಲೆ. ಉಳಿದವರು ಏಳು ಜನ. ನಾನು ಉಳಿದದ್ದು ಹೊಟ್ಟೆ ತುಂಬ ಬಿರಿಯಾನಿ ತಿಂದು ಏಳಲಾರದೆ. ಮೇಡಂ ಬಂದರು, ದೀಪ ಆರಿಸಿದರು, ನಾನು ನಿದ್ದೆ ಹೋದೆ.

ಪಕ್ಕದವನು ತಿವಿದಾಗ ಪರದೆಯ ಮೇಲೆ ಒಂದು ಎದೆಯ ಎಕ್ಸ್‌ರೇ ಇತ್ತು, ಮೇಡಂ ನನ್ನನ್ನೇ ನೋಡುತ್ತಿದ್ದರು. ಎದ್ದು ನಿಂತು, ಬಲಗಡೆ ಕೆಳಗೆ ನ್ಯುಮೋನಿಯಾ ಎಂದೆ. ಸುಮ್ಮನಾಗದೆ ಅದಕ್ಕೆ ಕೊಡಬೇಕಾದ ಔಷಧಿಯನ್ನೂ ಹೇಳಿದೆ.

ಮೇಡಂ ನನ್ನ ಹೆಸರು, ಊರು ಕೇಳಿದರು. ಮೈಸೂರು ಎಂದ ಕೂಡಲೇ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಇಳಿದರು. "ಮೈಸೂರು ಡಾಕ್ಟ್ರ, ಈ ಫೋಟೋದಾಗ ಏನೂ ಇಲ್ರಿ. ಇದು ನಮ್ಮ ಡಿಪಾರ್ಟ್‌ಮೆಂಟಿನ ವಾಚ್‌ಮನ್‌ದು. ಹೊರಗ ಕುಂತಾನ, ಗಟ್ಟಿಮುಟ್ಟ ಅದಾನ. ಔಷಧಿ ನೀವ ಹೋಗಿ ಕುಡಿಸ್ರಿ."

ಉಳಿದ ಆರು ಜನಕ್ಕೆ ಕನ್ನಡ ಬರದಿದ್ದರೂ ಸಂಗತಿ ಗೊತ್ತಾಯಿತು. ಮಾನ ಉಳಿಸಿಕೊಳ್ಳಲು ನಾನೊಂದು ಪ್ರಶ್ನೆ ಎಸೆದೆ: "ರೋಗಿಯನ್ನೇ ನೋಡದೆ ಫೋಟೋ ನೋಡಿಕೊಂಡು ಕೂರುವುದು ಎಂಥ ಡಾಕ್ಟರಿಕೆ ಮೇಡಂ?"

ಅವರಿಗೆ ಸಿಟ್ಟು ಬರಲಿಲ್ಲ. "ಪ್ರಶ್ನಾ ಛಲೋ ಐತಿ. ದಿನಾ ಮಧ್ಯಾಹ್ನ ನಮ್ಮ ಕೋಣಿಗೆ ಬರ್ರಿ. ನೀವ ಉತ್ತರ ಹುಡಕ್ರಿ" ಎಂದರು.

ಹೋದೆ. ಜ್ಞಾನದಾಹದಿಂದ ಎಂದು ಇಂದು ಹೇಳಿಕೊಳ್ಳಬಹುದು. ನಿಜವೆಂದರೆ ಏಪ್ರಿಲ್ ತಿಂಗಳು, ಇಡೀ ಆಸ್ಪತ್ರೆಯಲ್ಲಿ ಇಂಟರ್ನಿಗಳಿಗೆ ಪ್ರವೇಶವಿದ್ದ ಎಸಿ ಕೋಣೆ ಅದೊಂದೇ. ಅಲ್ಲಿ ಅವರದೊಂದು ಕಟ್ಟಳೆಯಿತ್ತು. ಚಿತ್ರ ತೆರೆದ ಮೇಲೆ ಒಂದು ನಿಮಿಷ ಯಾರೂ ಬಾಯಿ ಬಿಡುವಂತಿಲ್ಲ. ಬಿಟ್ಟರೆ, "ಕಣ್ಣು ಇನ್ನೂ ದಾರಿಯಾಗ ಅದಾವ, ಬಾಯಿ ಆಗಲೇ ಊರು ಮುಟ್ಟೇತಿ" ಎನ್ನುವರು. ಈ ಮಾತು ಹೆಚ್ಚು ಕೇಳಿಸಿಕೊಂಡವನು ಯಾರೆಂದು ಬೇರೆ ಹೇಳಬೇಕಿಲ್ಲ. ನಾನು ಹಾಸ್ಟೆಲಿಗೆ ಬಂದು ಅವರ ಬೀದರ್ ಕನ್ನಡವನ್ನು ಅಣಕಿಸಿ ತೋರಿಸುತ್ತಿದ್ದೆ. ಮೈಸೂರಿನ ಕನ್ನಡವೇ ಕನ್ನಡ ಎಂಬ ಗರ್ವ ನನಗೆ.

ಆ ತಿಂಗಳ ಕೊನೆಯಲ್ಲಿ ನಾನು ಕ್ಯಾಶುವಾಲ್ಟಿ ಡ್ಯೂಟಿಯಲ್ಲಿದ್ದೆ. ಬೆಳಿಗ್ಗೆ ಮಣಿಕೊಂಡದ ಕಡೆ ಕಟ್ಟುತ್ತಿದ್ದ ಮನೆಯೊಂದರ ಎರಡನೇ ಮಹಡಿಯಿಂದ ಬಿದ್ದ ಒಬ್ಬ ಗೌಂಡಿಯನ್ನು ಕರೆತಂದರು. ಹೆಸರು ಸಾಬಣ್ಣ. ಜೊತೆಯಲ್ಲಿ ಹೆಂಡತಿ. ನಾನು ನನ್ನ ಹರಕು ತೆಲುಗಿನಲ್ಲಿ ಎಲ್ಲಿ ನೋವು ಎಂದು ಕೇಳಿದೆ. ಅವನು ಅದಕ್ಕಿಂತ ಹರಕು ತೆಲುಗಿನಲ್ಲಿ ಕಾಲು ಎಂದ, ಆಮೇಲೆ ಇನ್ನೇನೋ ಎಂದ. ತಲೆಯಾಡಿಸಿ ಪಾದದ ಎಕ್ಸ್‌ರೇ ಬರೆದುಕೊಟ್ಟೆ. ಹಿಮ್ಮಡಿಯಲ್ಲಿ ಬಿರುಕು ನನಗೇ ಕಂಡಿತು. ಕಾಲಿಗೆ ಕಟ್ಟು ಹಾಕಿಸಿ, ಮಾತ್ರೆ ಕೊಟ್ಟು, ಸೋಮವಾರ ಮೂಳೆ ವಿಭಾಗಕ್ಕೆ ಬನ್ನಿ ಎಂದು ಕಳಿಸಿಬಿಟ್ಟೆ. ನಾನೇ ಕಂಡುಹಿಡಿದದ್ದನ್ನು ತೋರಿಸಿ ಶಭಾಸ್‌ಗಿರಿ ಪಡೆಯೋಣವೆಂದು ಚಿತ್ರದೊಂದಿಗೆ ಮೇಡಂ ಕೋಣೆಗೆ ಓಡಿದೆ.

ಮೇಡಂ ಕಟ್ಟಳೆಯಂತೆ ಒಂದು ನಿಮಿಷ ಚಿತ್ರ ನೋಡಿದರು.

"ಹಿಮ್ಮಡ ಒಡದೈತಿ, ಖರೆ. ಹೆಂಗ ಬಿದ್ದ?"

"ಎರಡನೇ ಮಹಡಿಯಿಂದ ಮೇಡಂ. ನಿಂತ ಕಾಲ ಮೇಲೆ."

"ಹಂಗ ಬಿದ್ರ ಪೆಟ್ಟು ಹಿಮ್ಮಡದಾಗ ನಿಲ್ಲತೈತೇನ್ರಿ? ಸೀದಾ ಬೆನ್ನಿಗೆ ಏರತೈತಿ. ಬೆನ್ನು ನೋಡೀರೇನು?"

"ಬೆನ್ನು ನೋವು ಅಂತ ಅವನು ಹೇಳಲಿಲ್ಲ."

"ಏನಂದ? ಅವ ಅಂದಂಗ ಹೇಳ್ರಿ."

"ಕಾಲು ಅಂದ. ಆಮೇಲೆ ಟೊಂಕನೋ ಏನೋ ಅಂದ. ಯಾವುದೋ ಹಳ್ಳಿ ತೆಲುಗು."

ಮೇಡಂ ನನ್ನ ಕಡೆ ತಿರುಗಿದರು. "ಮೈಸೂರು ಡಾಕ್ಟ್ರ, ಅದು ನಿಮ್ಮ ಭಾಷಾನ ಐತ್ರಿ. ಟೊಂಕ ಅಂದ್ರ ನಿಮ್ಮ ಸೊಂಟ."

ಶಾಲೆಯ ಪ್ರಬಂಧಗಳಲ್ಲಿ ನಾಡಿಗಾಗಿ ಎಷ್ಟು ಸಲ ಟೊಂಕ ಕಟ್ಟಿ ನಿಂತಿದ್ದೆನೋ ಲೆಕ್ಕವಿಲ್ಲ. ಒಬ್ಬ ಜೀವಂತ ಮನುಷ್ಯ ಆ ಪದವನ್ನು ನೋವಿನಿಂದ ಹೇಳಿದಾಗ ನನಗೆ ಅದರ ಗುರುತು ಸಿಕ್ಕಿರಲಿಲ್ಲ.

ಅವನನ್ನು ಆಗಲೇ ಮನೆಗೆ ಕಳಿಸಿಬಿಟ್ಟೆ ಎಂದೆ. ಶಾಲು ಜಾರುತ್ತಿದ್ದರೂ ಲೆಕ್ಕಿಸದೆ ಮೇಡಂ ಗೇಟಿನ ಕಡೆ ನಡೆದರು, ಹೆಚ್ಚುಕಡಿಮೆ ಓಡಿದರು. ನಾನು ವಾರ್ಡ್‌ಬಾಯ್ ಜೊತೆ ಸ್ಟ್ರೆಚರ್ ಎಳೆದುಕೊಂಡು ಹಿಂದೆ ಹೋದೆ. ಗಂಡ ಹೆಂಡತಿ ಆಟೋದಲ್ಲಿ ಕೂತಾಗಿತ್ತು. ಮೆಹದಿಪಟ್ಟಣಂಗೆ ಹೋಗಿ ಅಲ್ಲಿಂದ ಬಸ್ಸು ಹಿಡಿಯುವವರು. ಮೇಡಂ ಆಟೋದೊಳಗೆ ಬಗ್ಗಿ, "ಸಾಬಣ್ಣಾ, ಅಳ್ಳಾಡಬ್ಯಾಡಪ್ಪಾ. ಟೊಂಕದಾಗ ಎಲ್ಲಿ ನೋಯಾಕತ್ತೈತಿ, ಬರೇ ಬಾಯಿಲೆ ಹೇಳು" ಎಂದರು.

ಅವನು ಉತ್ತರಿಸುವ ಮೊದಲೇ ಹೆಂಡತಿಗೆ ಅಳು ಬಂತು. "ಮುಂಜಾನಿಂದ ಹೇಳಾಕತ್ತೀವ್ರಿ ಯವ್ವಾ. ಒಬ್ಬರಿಗೂ ನಮ್ಮ ಮಾತು ತಿಳೀವಲ್ದು."

ಹಾಗೆ ತಿಳಿಯದವರಲ್ಲಿ ಮೊದಲನೆಯವನು ಸ್ಟ್ರೆಚರಿನ ಹಿಂದೆ ಅವಿತು ನಿಂತಿದ್ದ.

ಸ್ಕ್ಯಾನಿನಲ್ಲಿ ಬೆನ್ನುಮೂಳೆ ಒಡೆದಿರುವುದು ಕಂಡಿತು. ಒಂದು ಚೂರು ನರದ ಕಡೆಗೆ ಸರಿದು ನಿಂತಿತ್ತು. ಬಸ್ಸಿನ ಒಂದೆರಡು ಕುಲುಕಾಟ ಸಾಕಿತ್ತು, ಸಾಬಣ್ಣ ಜೀವಮಾನದಲ್ಲಿ ಎದ್ದು ನಿಲ್ಲದಿರಲು. ಮೇಡಂ ನನ್ನನ್ನು ಬೈಯಲಿಲ್ಲ. ವರದಿಯನ್ನು ನನ್ನ ಕೈಯಿಂದಲೇ ಬರೆಸಿ, ಅದನ್ನು ಗಂಡಹೆಂಡಿರಿಗೆ ಕನ್ನಡದಲ್ಲಿ ತಿಳಿಸಿ ಬರಲು ಕಳಿಸಿದರು. ಬೈಗುಳವೇ ಹಗುರವಾಗಿರುತ್ತಿತ್ತು. ಆಪರೇಷನ್ ಆಗಿ, ವಾರಗಳ ನಂತರ ಕೋಲು ಹಿಡಿದು ನಡೆದ ಸಾಬಣ್ಣ ನನ್ನನ್ನು ಕೇಳಿದ: "ನೀವೂ ಕನ್ನಡದೋರ ಅಂತಲ್ರಿ. ಅವತ್ತ ಯಾಕ ತೆಲುಗಿನಾಗ ಮಾತಾಡಿದ್ರಿ?"

ನಾನು ರೇಡಿಯಾಲಜಿಗೆ ಸೇರಿದೆ. ಮೇಡಂ ಮೂರು ವರ್ಷ ಕಲಿಸಿದರು, ಒಮ್ಮೆಯೂ ಹೊಗಳಲಿಲ್ಲ. ಹೊಗಳುವಂಥದ್ದನ್ನು ನಾನು ಮಾಡಿದ ನೆನಪೂ ಇಲ್ಲ.

ಅವರು ನಿವೃತ್ತರಾಗಿ ಎರಡು ವರ್ಷದ ನಂತರ, ನಾನು ಕೆಲಸ ಮಾಡುವ ಸ್ಕ್ಯಾನಿಂಗ್ ಸೆಂಟರಿಗೆ ಒಂದು ಬೆಳಿಗ್ಗೆ ಟೋಕನ್ ಹಿಡಿದು ಬಂದರು. ತಿಂಗಳಿಂದ ಊಟ ಸೇರುತ್ತಿಲ್ಲವಂತೆ. ಮಲಗಿಸಿ, ಹೊಟ್ಟೆಯ ಮೇಲೆ ಜೆಲ್ ಹಚ್ಚಿ ನೋಡಿದೆ. ಪಿತ್ತಕೋಶದಲ್ಲಿ ಎರಡು ಸಣ್ಣ ಕಲ್ಲು. ಯಕೃತ್ತಿನಲ್ಲಿ, ಇರಬಾರದ ಗಂಟುಗಳು. ನಾನು ಕಲ್ಲುಗಳ ಬಗ್ಗೆ ಹೇಳತೊಡಗಿದೆ. ಅವುಗಳ ಅಳತೆ ಹೇಳಿದೆ, ಎಷ್ಟು ಜನರಿಗೆ ಇರುತ್ತವೆ ಎಂದು ಹೇಳಿದೆ, ತನ್ನ ಕಲ್ಲುಗಳನ್ನು ಡಬ್ಬಿಯಲ್ಲಿಟ್ಟುಕೊಂಡಿದ್ದ ನನ್ನ ಸೋದರಮಾವನ ಕಥೆಯನ್ನೂ ಹೇಳಿದೆ.

"ಕಲ್ಲಿನ ಸುದ್ದಿ ಭಾಳ ಆತು" ಎಂದರು. "ಪರದೆ ಈ ಕಡೆ ತಿರುಗಿಸ್ರಿ."

ತಿರುಗಿಸಿದೆ. ಒಂದಷ್ಟು ಹೊತ್ತು ನೋಡಿದರು.

"ಬರೀರಿ. ಇದ್ದದ್ದ ಬರೀರಿ. ಅದಕ್ಕೂ ಮೊದಲ ಒರಸ್ಕೊಳಾಕ ಕಾಗದ ಕೊಡ್ರಿ, ಥಂಡಿ ಆಗಾಕತ್ತೈತಿ."

ವರದಿ ನಾಲ್ಕೇ ಸಾಲು, ಬರೆಯಲು ಅರ್ಧ ಗಂಟೆ ಹಿಡಿಯಿತು. ಓದಿ, ನನ್ನ ಪೆನ್ನು ಇಸಿದುಕೊಂಡು 'ಬಹುಶಃ' ಎಂಬ ಅರ್ಥದ ಪದವೊಂದನ್ನು ಹೊಡೆದುಹಾಕಿದರು. ಬೀದರಿನಲ್ಲಿರುವ ತಂಗಿಯ ಮನೆಗೆ ಹೋಗುವುದಾಗಿ ಹೇಳಿದರು. ನಾನೇ ಅಲ್ಲಿಯವರೆಗೆ ಬಿಟ್ಟು ಬರುತ್ತೇನೆ ಎಂದದ್ದಕ್ಕೆ, ಹೊರಗೆ ಜನ ಕಾಯುತ್ತಿದ್ದಾರೆ ಎಂದರು. ಅದೇ ಕೊನೆ. ಮೂರು ತಿಂಗಳಿಗೆ ಬೀದರಿನಿಂದ ಸುದ್ದಿ ಬಂತು.

ಅಂದು ಅವರು ಹೊರಗೆ ಹೋಗುವಾಗ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಬೆಂಚಿನ ಮೇಲೆ ಹೆದರಿ ಕೂತಿದ್ದ ಮುದುಕಿಯೊಬ್ಬಳಿಗೆ ಅವರು ತೆಲುಗಿನಲ್ಲಿ ಹೇಳುತ್ತಿದ್ದುದು ನನಗೆ ಕೇಳಿಸಿತು: "ಒಳಗೆ ಹೋಗಮ್ಮಾ. ಈ ಡಾಕ್ಟರು ಚೆನ್ನಾಗಿ ನೋಡುತ್ತಾರೆ."