ಸುಣ್ಣದ ಪಾಠ

ಗೋಡೆಯ ಮೇಲಿನ ಚಿತ್ರ ಕಂಡರೆ ಕೆಲವರಿಗೆ ಕೈ ಕಡಿಯುತ್ತದೆ. ಅದನ್ನು ಅಳಿಸಬೇಕು, ಮೇಲೆ ಬಿಳಿ ಬಳಿಯಬೇಕು, ಆಮೇಲೆ ಕೈ ತೊಳೆದುಕೊಂಡು ತಾವು ಶುದ್ಧರಾದೆವೆಂದು ಬೀಗಬೇಕು. ಇಂಥವರ ಬಗ್ಗೆ ತಮಿಳು ಸೀಮೆಯ ಅಡ್ಯಾರಿನ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು ನಾನು. ನನ್ನ ವಿಷಯ ಯುರೋಪಿನ ಉತ್ತರದ ದೇಶಗಳ ಚಿತ್ರಕಲೆ. ಅದರಲ್ಲೂ, ಐನೂರು ವರ್ಷದ ಹಿಂದೆ ಅಲ್ಲಿ ಧರ್ಮಸುಧಾರಣೆಯ ಗಾಳಿ ಎದ್ದು, ದೇವರ ಮಾತು ಕಿವಿಗೆ ಬೀಳಬೇಕೇ ಹೊರತು ದೇವರು ಕಣ್ಣಿಗೆ ಬೀಳಬಾರದು ಎಂದು ಎಷ್ಟೋ ಚರ್ಚುಗಳ ಒಳಗೋಡೆಗೆ ಸುಣ್ಣ ಬಳಿದ ಕಾಲ. ವಿದ್ಯಾರ್ಥಿಗಳಿಗೆ ಇದೆಲ್ಲ ಕೋಣನ ಮುಂದೆ ಕಿನ್ನರಿ. ಹಾಜರಿಗಾಗಿ ಬಂದರು, ನಿದ್ದೆ ಮಾಡಿದರು, ಮುಂದೆ ಶೋಳಿಂಗನಲ್ಲೂರಿನ ಸಾಫ್ಟ್‌ವೇರ್ ಕಚೇರಿಗಳಿಗೆ ಕ್ಯಾಬ್ ಹತ್ತಿ ಹೋದರು.

ವರ್ಷಕ್ಕೆ ಒಂದೇ ಒಂದು ಗಂಟೆ ಅವರು ಎಚ್ಚರವಾಗಿರುತ್ತಿದ್ದರು. ಚಿತ್ರಗಳನ್ನು ಮುಗಿಸಲೆಂದು ಬಳಿದ ಸುಣ್ಣವೇ ಅವನ್ನು ಉಳಿಸಿತು ಎಂದು ನಾನು ಹೇಳುವ ಗಂಟೆ ಅದು. ಸುಧಾರಕರು ಕೊಡಲಿ ಹಿಡಿದು ಹೋದ ಕಡೆ ಚೂರೂ ಉಳಿಯಲಿಲ್ಲ. ಬರೀ ಸುಣ್ಣ ಬಳಿದು ಬಿಟ್ಟ ಕಡೆ, ಎಷ್ಟೋ ತಲೆಮಾರುಗಳ ಮೇಲೆ ಗೋಡೆ ಹಕ್ಕಳೆ ಎದ್ದಾಗ, ಒಳಗಿನಿಂದ ಒಂದು ಕಣ್ಣು, ಒಂದು ಗಲ್ಲ, ಒಂದು ನೀಲಿ ಬಟ್ಟೆಯ ಅಂಚು ಹೊರಗೆ ಬಂತು. ದೀಪದ ಹೊಗೆಯಿಲ್ಲ, ಬಿಸಿಲಿಲ್ಲ, ಮುಟ್ಟುವ ಕೈಗಳಿಲ್ಲ. ಕೆಲವು ಕಡೆ ಬಣ್ಣ ನಿನ್ನೆ ಹಚ್ಚಿದಂತಿತ್ತು. ಇದನ್ನು ಹೇಳುವಾಗ ನಾನು ದನಿ ತಗ್ಗಿಸುತ್ತಿದ್ದೆ. ನನಗೆ ಆ ತಂತ್ರ ಚೆನ್ನಾಗಿ ಒಗ್ಗಿತ್ತು.

ನನ್ನ ತಂದೆ ರೈಲ್ವೆಯಲ್ಲಿ ಬೋರ್ಡು ಬರೆಯುವ ಪೇಂಟರ್. ಹುಬ್ಬಳ್ಳಿಯ ಕಡೆಯಿಂದ ವರ್ಗವಾಗಿ ಬಂದು ಇಲ್ಲೇ ನೆಲೆಸಿದವರು. ನಿಲ್ದಾಣಗಳ ಹಳದಿ ಹಲಗೆಗಳ ಮೇಲೆ ಮೂರು ಲಿಪಿಗಳಲ್ಲಿ ಊರಿನ ಹೆಸರು ಬರೆಯುವುದು ಅವರ ಹೊಟ್ಟೆಪಾಡು. ಪಲ್ಲಾವರಂನಲ್ಲಿ, ಶುಕ್ರವಾರದ ಸಂತೆಗೆ ಹೋಗುವ ದಾರಿಯಲ್ಲಿ, ನಮ್ಮಂಥ ಕನ್ನಡದ ಶೈವ ಮನೆತನಗಳವರು ಸೇರಿ ಕಟ್ಟಿಕೊಂಡ ಒಂದು ಪ್ರಾರ್ಥನೆಯ ಹಾಲ್ ಇದೆ. ವಿಮಾನ ಇಳಿಯುವಾಗಲೆಲ್ಲ ಅಲ್ಲಿ ಪ್ರವಚನ ನಿಲ್ಲಿಸಬೇಕು. ನಾನು ಶಾಲೆಗೆ ಹೋಗುತ್ತಿದ್ದಾಗ ಅಪ್ಪ ಅದರ ಉದ್ದನೆಯ ಗೋಡೆಯ ಮೇಲೆ, ರಜೆಯ ದಿನಗಳಲ್ಲಿ ನಿಂತು, ಶರಣರ ಸಾಲನ್ನು ಬರೆದರು. ಎಲ್ಲರೂ ಅವರವರ ಕಾಯಕದಲ್ಲಿ ತೊಡಗಿದವರು. ಚಪ್ಪಲಿ ಹೊಲಿಯುವವನಿಗೆ ಸ್ಟೇಷನ್ನಿನ ಹೊರಗೆ ಕೂರುತ್ತಿದ್ದವನ ಮುಖ. ದೋಣಿಯವನಿಗೆ ಅಪ್ಪನ ಜೊತೆಯ ಒಬ್ಬ ಪೋರ್ಟರಿನ ಮೀಸೆ. ನೂಲು ತೆಗೆಯುವ ಹೆಂಗಸಿಗೆ ನನ್ನ ಅವ್ವನ ಮುಖ.

ಅವ್ವ ತೀರಿಕೊಂಡು ಬಹಳ ವರ್ಷಗಳಾದವು. ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಂಡು ಮುಖ ತಿರುಗಿಸುತ್ತಿದ್ದಳು. ನಮ್ಮ ಮನೆಯ ಎಲ್ಲ ಫೋಟೋಗಳಲ್ಲೂ ಅವಳದೊಂದು ಕಿವಿ, ಒಂದು ಜಡೆ. ಅವಳ ಮುಖ ನೋಡಬೇಕೆನ್ನಿಸಿದರೆ ನಾವು ಪಲ್ಲಾವರಂಗೆ ಹೋಗಬೇಕಿತ್ತು.

ಹೋಗಿ ಮಾತಾಡಿ ಎಲ್ಲ ಕೆಡಿಸಿದವಳೂ ನಾನೇ. ಆ ಪ್ರಾರ್ಥನೆಯ ಹಾಲ್‌ನ ಕಾರ್ಯದರ್ಶಿ, ವಿಮೆ ಕಚೇರಿಯಿಂದ ನಿವೃತ್ತನಾದ ತುಮಕೂರಿನ ಕಡೆಯ ಮನುಷ್ಯ, ಒಂದು ಭಾನುವಾರ ಉಪನ್ಯಾಸಕ್ಕೆ ಕರೆದ. ಹೊಸ ಮಾತು ಎಲ್ಲಿ ಸಿಕ್ಕರೂ ಎತ್ತಿಕೊಂಡು ಅದನ್ನು ತಾನೇ ಹೆತ್ತೆನೆಂದು ತೋರಿಸಿಕೊಳ್ಳುವ ಜಾತಿ. ನಾನು ಸುಧಾರಕರ ವಾದವನ್ನು ಅವರ ಬಾಯಿಂದಲೇ ಬಂದಂತೆ ಹೇಳಿದೆ: ಕಲ್ಲಿಗೆ, ಹಲಗೆಗೆ ಕೈ ಮುಗಿಯುವವನು ದೇವರನ್ನು ಮರೆಯುತ್ತಾನೆ, ಬಡವನೇ ದೇವರ ನಿಜವಾದ ಚಿತ್ರ, ಗೋಡೆಯನ್ನು ಶುದ್ಧ ಮಾಡಿದರೆ ಮನಸ್ಸು ಶುದ್ಧವಾಗುತ್ತದೆ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಬಲ್ಲೆನೆಂಬ ಮೇಷ್ಟರ ಜಂಬ. ಕೊನೆಗೆ ದನಿ ತಗ್ಗಿಸಿ ಸುಣ್ಣದ ಕಥೆ ಹೇಳುವ ಹೊತ್ತಿಗೆ ಕಾರ್ಯದರ್ಶಿ ಉಪ್ಪಿಟ್ಟಿನ ಉಸ್ತುವಾರಿಗೆ ಎದ್ದು ಹೋಗಿದ್ದ. ಮೊದಲ ಸಾಲಿನಲ್ಲಿ ಕೂತಿದ್ದ ಅಪ್ಪ ಮಾತ್ರ ತಲೆದೂಗುತ್ತಿದ್ದರು. ತೊಂಬತ್ತರ ಹತ್ತಿರದ ಮುದುಕರು, ತೂಕಡಿಸುತ್ತಿದ್ದಾರೆ ಎಂದುಕೊಂಡೆ.

ತಿಂಗಳೊಳಗೆ ಸಭೆ ಸೇರಿತು. ಶರಣರ ಚಿತ್ರಕ್ಕೆ ಹೆಂಗಸರು ವಿಭೂತಿ ಹಚ್ಚುತ್ತಾರೆ, ಮುಂದೆ ದೀಪ ಇಡುತ್ತಾರೆ, ಯಾರೋ ಹರಕೆಯ ದಾರ ಕಟ್ಟಿದ್ದಾರೆ. ಲಿಂಗವನ್ನು ಅಂಗೈಯಲ್ಲಿ ಹಿಡಿಯುವ ನಮಗೆ ಇದೇನು ಅವಸ್ಥೆ ಎಂದು ಕಾರ್ಯದರ್ಶಿ ಗುಡುಗಿದ.

"ಮೇಡಮ್ಮೇ ಹೇಳಿದ್ರಲ್ಲಾ, ಆ ದೇಶದಲ್ಲೆಲ್ಲಾ ಐನೂರು ವರ್ಷದ ಹಿಂದೇನೇ ಮಾಡಿ ಮುಗಿಸಿದಾರೆ. ನಾವು ಇನ್ನೂ ಸುಮ್ಮಾ ಕೂತಿದೀವಿ."

ಅವನ ಮೀಸೆಯಡಿ ಐನೂರು ವರ್ಷದ ಯುರೋಪು ಬಂದು ಕೂತುಬಿಟ್ಟಿತ್ತು. ನಾನು ಎದ್ದು, ಆ ಸುಧಾರಕರಲ್ಲಿ ಕೆಲವರಿಗಾದರೂ ಓದು ಬರಹವಿತ್ತು ಎಂದೆ. ಯಾರೂ ನಗಲಿಲ್ಲ. ಬೆಳಿಗ್ಗೆ ವಿಭೂತಿ ಹಚ್ಚಿದ್ದ ಹೆಂಗಸರು ಸಂಜೆ ನೆಲ ನೋಡುತ್ತ ಕೂತಿದ್ದರು. ಹೊಸ ತಲೆಮಾರಿನ ಹುಡುಗಿಯೊಬ್ಬಳಿಗೆ ನೀನಾದರೂ ಹೇಳೇ ಎಂದರೆ, "ವೈಟ್ ವಾಲ್ ಇರುಂದಾ ಪ್ರೊಜೆಕ್ಟರ್ ಪೋಡಲಾಂ ಆಂಟಿ" ಎಂದಳು. ಬಿಳಿ ಗೋಡೆಯಿದ್ದರೆ ಪ್ರೊಜೆಕ್ಟರ್ ಹಾಕಬಹುದಂತೆ. ಗಾಳಿ ಬಂದಾಗ ತೂರಿಕೊಳ್ಳುವ ಜನ. ಕೈಗಳು ಎದ್ದವು, ಗೋಡೆಗೆ ಬಿಳಿ ಬಳಿಸುವ ತೀರ್ಮಾನವಾಯಿತು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಕೂಗಾಡುತ್ತಾರೆ, ಆ ನೆಪದಲ್ಲಿ ನಾನೂ ಇನ್ನೊಮ್ಮೆ ಕೂಗಾಡಬಹುದು ಎಂದುಕೊಂಡಿದ್ದೆ.

"ಸುಣ್ಣಾ ಹೊಡೀತಾರಂತೇನು?" ಎಂದು ಕೇಳಿದರು.

"ಹೊಡೀತಾರ. ಎಲ್ಲಾ ಮುಚ್ಚತಾರ."

"ಹೊಡೀಲಿ ಬಿಡವಾ. ಗ್ವಾಡಿ ಅವರದು."

ಇಷ್ಟು ಹೇಳಿ ಹಲ್ಲಿನ ಸೆಟ್ಟು ತೆಗೆದು ನೀರಿಗೆ ಹಾಕಿದರು. ನನಗೆ ಅವರ ಮೇಲೂ ಅಸಹ್ಯ ಹುಟ್ಟಿತು. ಆಯುಷ್ಯವಿಡೀ ಇನ್ನೊಬ್ಬರು ಹೇಳಿದ ಊರಿನ ಹೆಸರು ಬರೆದ ಮನುಷ್ಯನಿಗೆ ತನ್ನದೆಂಬುದು ಇರುವುದಾದರೂ ಹೇಗೆ ಎಂದುಕೊಂಡೆ. ಹೆಂಡತಿಯ ಮುಖ ಹೋಗುತ್ತದೆ ಎಂದರೂ ಬಿಡು ಎನ್ನುವವರು!

ಮೂರು ದಿನದ ಮೇಲೆ, ನಾನು ಕಾಫಿ ಬೆರೆಸುತ್ತಿದ್ದಾಗ, ಕಾರ್ಯದರ್ಶಿಯ ಫೋನು ಬಂತು.

"ಮೇಡಂ, ಕೋಪ ಇಟ್ಕೋಬೇಡಿ. ಪೇಂಟರ್ ಬಂದು ನಿಂತಿದಾನೆ. ಸುಣ್ಣಾನೇ ಎರಡು ಸಲ ಬಳಿಸಿಬಿಡೋಣಾಂತ ಕಮಿಟಿಲಿ ಅಂದ್ಕೊಂಡಿದೀವಿ. ನೀವು ಇದನ್ನೆಲ್ಲಾ ಓದ್ಕೊಂಡಿರೋರು, ಒಂದು ಮಾತು ಕೇಳೋಣಾಂತ. ಸೀಕ್ರಂ, ಬೇಗ ಹೇಳಿ."

"ಸುಣ್ಣಾ ದನದ ಕೊಟಗಿಗೆ ಹೊಡೀತಾರ್ರೀ," ಎಂದೆ. "ಸುಧಾರಣಾ ಮಾಡೂದಾದ್ರ ಅರ್ಧಾಮರ್ಧಾ ಯಾಕ? ಗ್ವಾಡಿ ಚಲೋತ್ನಾಗಿ ತಿಕ್ಕಿಸ್ರಿ, ಪುಟ್ಟಿ ಹಾಕಸ್ರಿ, ಒಳ್ಳೇ ಎಮಲ್ಷನ್ ಪೇಂಟ್ ಹೊಡಸ್ರಿ. ನಾಕು ಮಂದಿ ನೋಡಿದ್ರ ಮರ್ಯಾದಿ ಇರ್ಬೇಕಲ್ಲ."

ಅವರನ್ನು ದನಗಳೆಂದು ಕರೆಯಲು ಸಿಕ್ಕ ಅವಕಾಶ ಬಿಡಲಾರದೆ ಆಡಿದ ಮಾತು ಅದು. ಬಹಳ ಉಪಕಾರವಾಯಿತು ಎಂದು ಹೇಳಿ ಅವನು ಫೋನಿಟ್ಟ. ಚುಚ್ಚಿದ್ದು ಸಹ ಗೊತ್ತಾಗದ ಚರ್ಮ ಎಂದುಕೊಂಡು ನಾನು ಕಾಫಿ ಕುಡಿದೆ. ಆ ದಿನ ಕಾಫಿ ರುಚಿಯಾಗಿಯೇ ಇತ್ತು.

ಗೋಡೆ ಆದ ಮೇಲೆ ಒಂದು ಪೂಜೆ ಇಟ್ಟುಕೊಂಡರು. ನನಗೆ ಹೋಗುವ ಮನಸ್ಸಿರಲಿಲ್ಲ. ಅಪ್ಪ ಹೋಗಲೇಬೇಕೆಂದು ಹಟ ಹಿಡಿದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆಟೋ ಹತ್ತಿದರು. ಹಾಲ್ ಆಸ್ಪತ್ರೆಯ ಹಾಗೆ ಬೆಳ್ಳಗಿತ್ತು. ಅಷ್ಟುದ್ದದ ಗೋಡೆಯ ನಡುವೆ ಆಗಲೇ ಒಂದು ಮೊಳೆ ಹೊಡೆದು ಕಮಿಟಿಯ ಅಧ್ಯಕ್ಷರ ಫೋಟೋ ತೂಗುಹಾಕಿ, ಹಾರ ಹಾಕಿ, ಊದುಬತ್ತಿ ಹಚ್ಚಿದ್ದರು. ಉತ್ತರದ ದೇಶಗಳಲ್ಲೂ ಹೀಗೇ ಆಗಿತ್ತು. ಸಂತರು ಗೋಡೆಯಿಂದ ಇಳಿದರು, ಸುಧಾರಕರ ಸ್ವಂತ ಮುಖಗಳು ಅಚ್ಚಾಗಿ ಮನೆಮನೆಯ ಗೋಡೆ ಹತ್ತಿದವು. ನಗು ಬಂತು. ಈ ತಮಾಷೆಯನ್ನು ಯಾರಿಗೆ ಹೇಳಲಿ ಎಂದು ನಾನು ಸುತ್ತ ನೋಡುತ್ತಿದ್ದೆ.

ಅಪ್ಪ ಫೋಟೋದ ಕಡೆ ನೋಡಲೇ ಇಲ್ಲ. ಕೋಲು ಊರಿಕೊಂಡು ಗೋಡೆಯ ಎಡತುದಿಗೆ, ಅವ್ವ ನೂಲು ತೆಗೆಯುತ್ತ ಕೂತಿದ್ದ ಜಾಗಕ್ಕೆ, ನೇರವಾಗಿ ಹೋದರು. ಏನೂ ಕಾಣದ ಗೋಡೆಯಲ್ಲಿ ಅವರಿಗೆ ಆ ಜಾಗ ಮೊಳ ಹಾಕಿದಂತೆ ಗೊತ್ತಿತ್ತು. ಕೈ ಇಟ್ಟರು. ಮೆಲ್ಲಗೆ ಒಮ್ಮೆ ಸವರಿದರು. ಆಮೇಲೆ ಅಂಗೈ ತಿರುಗಿಸಿ ನೋಡಿಕೊಂಡರು. ಅಂಗಿಗೆ ಒರೆಸಿಕೊಂಡು, ಇನ್ನೊಮ್ಮೆ ಜೋರಾಗಿ ಉಜ್ಜಿ, ಮತ್ತೆ ನೋಡಿಕೊಂಡರು.

"ಇದು ಸುಣ್ಣಾ ಅಲ್ಲ," ಎಂದರು.

ಕಾರ್ಯದರ್ಶಿ ಓಡಿ ಬಂದ. "ಅಲ್ಲಲ್ಲ ಯಜಮಾನ್ರೇ, ಮೇಡಂ ಹೇಳಿದ ಹಾಗೇನೇ ಮಾಡ್ಸಿದೀವಿ. ಮಿಷನ್ ಇಟ್ಟು ಎರಡು ದಿನ ಉಜ್ಜಿದ್ರು, ಕಚ್ಕೊಂಡಿತ್ತು ನಿಮ್ಮ ಬಣ್ಣ, ಪೂರ್ತಿ ಕೆರೆದು ತೆಗೆದ್ರು! ಆಮೇಲೆ ಪುಟ್ಟಿ, ಆಮೇಲೆ ಎಮಲ್ಷನ್. ಕೈಗೆ ಅಂಟಲ್ಲ, ನೋಡಿ."

ಮೂವತ್ತು ವರ್ಷ ದನಿ ತಗ್ಗಿಸಿ ಹೇಳಿದ ಪಾಠ ಆಗ ನೆನಪಿಗೆ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಹಾಲ್‌ನಲ್ಲಿದ್ದ ಯಾರನ್ನೂ ನಾನು ನನ್ನಷ್ಟು ಕೀಳಾಗಿ ಕಾಣಲು ಇನ್ನು ಸಾಧ್ಯವಿರಲಿಲ್ಲ.

ಅಪ್ಪ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಏನೋ ಅರ್ಥವಾಗದವರ ಮುಖ.

"ಸುಣ್ಣದ ಬುಡಕ ಎಲ್ಲಾ ಉಳೀತೈತಿ ಅಂತ ನೀನ ಹೇಳಿದ್ಯಲ್ಲವಾ. ಅದಕ್ಕ ನಾ ಸುಮ್ಮನಿದ್ದೆ."

ಹೇಳುತ್ತ ಅಂಗೈಯನ್ನು ನನ್ನ ಮುಂದೆ ಹಿಡಿದರು. ಅದು ಸ್ವಚ್ಛವಾಗಿತ್ತು.